ಕಿಡಿಯ ಹೆಸರಿನಲ್ಲಿ ಒಲೆಯ ಮಾರಾಟ

ಪುಣೆಯಲ್ಲಿ ಎಂಜಿನಿಯರ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಒಂದು ಲೇಖನವನ್ನು ಕಳುಹಿಸಿ, ಜೊತೆಗೆ ಎರಡು ಸಾಲಿನ ಒಕ್ಕಣೆಯನ್ನೂ ಬರೆದಿದ್ದ. "ಸರ್, 1984ರಲ್ಲಿ ಹತ್ತನೆಯ ತರಗತಿಯಲ್ಲಿ ನೀವು ಹೇಳಿದ ಮಾತು ತಡವಾಗಿಯಾದರೂ ನಿಜವಾಗುತ್ತಿದೆ. ಸಮ್ಮಿಲನದ ವಿದ್ಯುತ್ತು ಬರುತ್ತಿದೆ." ಲೇಖನವನ್ನು ಎರಡು ಬಾರಿ ಓದಿದೆ. ಬೈಜಿಕ ಸಮ್ಮಿಲನ, ಬೈಜಿಕ ವಿದಳನ ಎರಡನ್ನೂ ಒಂದೇ ಸ್ಥಾವರದಲ್ಲಿ ಕೂಡಿಸಿ ವಿದ್ಯುತ್ತನ್ನು ಉತ್ಪಾದಿಸುವ 'ಹೈಬ್ರಿಡ್' ಸ್ಥಾವರದ ಗುಣಗಾನ ಅದರಲ್ಲಿತ್ತು. ಸಮ್ಮಿಲನದ ಶುಚಿತ್ವ, ವಿದಳನದ ಶಕ್ತಿ, ಎರಡೂ ಒಂದೇ ಸೂರಿನಡಿ ಎಂಬುದು ಅದರ ಸಾರಾಂಶ. ಓದಿದ ಮೇಲೆ ನನಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು.

ಸಂಕೋಚಕ್ಕೆ ಕಾರಣವುಂಟು. ಆ ವರ್ಷ ನಾನು ಕಪ್ಪುಹಲಗೆಯ ಮೇಲೆ ಬರೆದದ್ದು ನನಗೆ ಚೆನ್ನಾಗಿ ನೆನಪಿದೆ: ಸೂರ್ಯನೊಳಗೆ ನಡೆಯುವ ಕ್ರಿಯೆಯನ್ನು ಇನ್ನು ಇಪ್ಪತ್ತು ವರ್ಷಗಳಲ್ಲಿ ಮನುಷ್ಯನು ಭೂಮಿಯ ಮೇಲೆ ಪಳಗಿಸಲಿದ್ದಾನೆ. ಆ ಇಪ್ಪತ್ತು ವರ್ಷಗಳನ್ನು ನಾನು ಲೆಕ್ಕ ಹಾಕಿ ಪಡೆದದ್ದಲ್ಲ. ದೊಡ್ಡವರು ಹೇಳಿದ್ದನ್ನು ಹಾಗೆಯೇ ಒಪ್ಪಿಸಿದ್ದೆ. 1955ರ ಆಗಸ್ಟ್ ತಿಂಗಳಿನಲ್ಲಿ ಜಿನೀವಾ ನಗರದಲ್ಲಿ ನಡೆದ ಪರಮಾಣು ಶಕ್ತಿ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಹೋಮಿ ಭಾಭಾ. ಯುದ್ಧದ ಕಾಲದಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸಿದ ಮಹನೀಯರು. ಸಮ್ಮಿಲನದ ಶಕ್ತಿಯನ್ನು ಹತೋಟಿಯಲ್ಲಿ ಬಿಡುಗಡೆ ಮಾಡುವ ವಿಧಾನವು ಎರಡು ದಶಕಗಳೊಳಗೆ ಕೈವಶವಾದೀತೆಂದು ಅವರು ಆ ಪೀಠದಿಂದ ಭವಿಷ್ಯ ನುಡಿದಿದ್ದರು. ಅವರ ಗಡುವು 1975ಕ್ಕೆ ತೀರಿತು. ನಾನು ಅದನ್ನೇ 2004ಕ್ಕೆ ಮುಂದೂಡಿದೆ. ಭಾಭಾ ಅವರಂಥವರಿಗೆ ತಪ್ಪುವ ಅಧಿಕಾರವುಂಟು. ಪಾಠ ಹೇಳುವ ಮೇಷ್ಟರಿಗೆ ಅಷ್ಟು ಸಲೀಸಾಗಿ ಇಲ್ಲ. ಒಮ್ಮೆ ತಪ್ಪಿದ ಮೇಲೆ, ಅದೇ ಮಾತನ್ನು ಹೊಸ ಅಂಗಿ ತೊಡಿಸಿ ಮರಳಿ ತಂದಾಗ ಸುಮ್ಮನೆ ಕೂರುವುದು ನನಗೆ ಸಾಧ್ಯವಾಗದು.

ಮೊದಲು ಈ ಯಂತ್ರವೆಂದರೇನು ಎಂಬುದನ್ನು ಹೇಳಿಬಿಡುತ್ತೇನೆ, ವಿಜ್ಞಾನವನ್ನು ಮರೆತಿರುವ ನಮ್ಮ ಬಂಧುವರ್ಗದವರಿಗಾಗಿ. ಹೈಡ್ರೊಜನ್ನಿನ ಎರಡು ಭಾರದ ರೂಪಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಬೀಜಗಳು ಹತ್ತು ಕೋಟಿ ಡಿಗ್ರಿಗೂ ಮಿಕ್ಕಿದ ಉಷ್ಣತೆಯಲ್ಲಿ ಒಂದುಗೂಡಿದರೆ 17.6 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಹೊಮ್ಮುತ್ತದೆ. ಅದರಲ್ಲಿ 14.1ರಷ್ಟನ್ನು ಹೊತ್ತು ಒಂದು ನ್ಯೂಟ್ರಾನ್ ಹೊರಗೆ ಧಾವಿಸುತ್ತದೆ. ಶುದ್ಧ ಸಮ್ಮಿಲನ ಸ್ಥಾವರದಲ್ಲಿ ಈ ನ್ಯೂಟ್ರಾನಿನ ಶಾಖವನ್ನೇ ಹಿಡಿದು ನೀರನ್ನು ಕುದಿಸಬೇಕು. ಸಂಕರ ಸ್ಥಾವರದಲ್ಲಿ ಹಾಗಲ್ಲ. ಪ್ಲಾಸ್ಮಾದ ಸುತ್ತಲೂ ಯುರೇನಿಯಂ ಅಥವಾ ಥೋರಿಯಂ ತುಂಬಿದ ಕಂಬಳಿಯೊಂದನ್ನು ಹೊದಿಸಿರುತ್ತಾರೆ. ನ್ಯೂಟ್ರಾನು ಅದರೊಳಗೆ ನುಗ್ಗಿ ಭಾರದ ಬೀಜಗಳನ್ನು ಸೀಳುತ್ತದೆ. ಒಂದು ವಿದಳನದಿಂದ ದೊರೆಯುವುದು ಸುಮಾರು 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಸಾಧಾರಣ ರಿಯಾಕ್ಟರಿನಲ್ಲಿ ಸರಪಳಿ ಕ್ರಿಯೆ ತನ್ನನ್ನು ತಾನೇ ನಡೆಸಿಕೊಂಡು ಹೋಗುತ್ತದೆ; ಇಲ್ಲಿನ ಸರಪಳಿಯು ತುಸು ದುರ್ಬಲ, ಹೊರಗಿನಿಂದ ನ್ಯೂಟ್ರಾನ್ ಬರುತ್ತಿರುವಷ್ಟು ಕಾಲ ಮಾತ್ರ ಅದರ ಜೀವ. ಪ್ಲಾಸ್ಮಾ ಆರಿದರೆ ಸರಪಳಿಯೂ ಕಡಿಯುತ್ತದೆ.

ವಿಚಾರವು ಹೊಸದೇನಲ್ಲ. ಸೋವಿಯತ್ ದೇಶದಲ್ಲಿ ಆಂದ್ರೇ ಸಖರೋವ್ 1950ರ ದಶಕದ ಆರಂಭದಲ್ಲಿಯೇ ಇದನ್ನು ಯೋಚಿಸಿದ್ದರು. ಸೂರ್ಯನು ಉರಿಯುವ ಬಗೆಯನ್ನು ವಿವರಿಸಿದ ಹಾನ್ಸ್ ಬೆಥೆ 1979ರಲ್ಲಿ ಇದರ ಪರವಾಗಿ ಪ್ರಸಿದ್ಧ ಲೇಖನವೊಂದನ್ನು ಬರೆದರು. ಬೆಥೆಯವರ ದೃಷ್ಟಿ ಬೇರೆಯಿತ್ತು ಎಂಬುದನ್ನು ಇಂದಿನ ಪ್ರಚಾರಕರು ಹೇಳುವುದಿಲ್ಲ. ಅವರಿಗೆ ಸಂಕರ ಸ್ಥಾವರವೆಂದರೆ ಮುಖ್ಯವಾಗಿ ಇಂಧನದ ಕಾರ್ಖಾನೆ. ಅದು ತಯಾರಿಸಿದ ಇಂಧನವನ್ನು ಹಲವು ಸಾಮಾನ್ಯ ರಿಯಾಕ್ಟರುಗಳು ಉರಿಸಬೇಕು. ಯುರೇನಿಯಂ ಬೇಗನೆ ಮುಗಿದುಹೋದೀತೆಂಬ ಆತಂಕ ಆ ಕಾಲದ್ದು. ಯುರೇನಿಯಂ ಮುಗಿಯಲಿಲ್ಲ, ಆತಂಕವೂ ತಣ್ಣಗಾಯಿತು, ಯೋಜನೆಯೂ ಕಪಾಟು ಸೇರಿತು. 2008ರ ಸುಮಾರಿಗೆ ಅಮೆರಿಕದ ಲಿವರ್‌ಮೋರ್ ಪ್ರಯೋಗಶಾಲೆಯವರು ಲೇಸರ್ ಸಮ್ಮಿಲನದೊಂದಿಗೆ ಇದನ್ನು ಮತ್ತೆ ಹೊರತೆಗೆದರು. ಕೆಲವೇ ವರ್ಷಗಳಲ್ಲಿ ವಿದಳನದ ಭಾಗವನ್ನು ಬಿಟ್ಟರು, ಅನಂತರ ಯೋಜನೆಯನ್ನೇ ಬಿಟ್ಟರು. ಈಗ ಚೀನಾದ ಸರದಿ. ಅಲ್ಲಿನ ಜಿಯಾಂಗ್‌ಶಿ ಪ್ರಾಂತ್ಯದಲ್ಲಿ 100 ಮೆಗಾವಾಟ್ ಸಂಕರ ಸ್ಥಾವರವೊಂದನ್ನು ಕಟ್ಟುವ ಒಪ್ಪಂದ 2023ರಲ್ಲಿ ಆಯಿತು. ಅದರ ಹೆಸರು 'ಶಿಂಗ್‌ಹುವೊ', ಕಿಡಿ ಎಂದರ್ಥ. ಹೆಸರಿಟ್ಟವರು ಪ್ರಾಮಾಣಿಕರೆಂದೇ ನನ್ನ ಭಾವನೆ. ಏಕೆಂದರೆ ಈ ಯಂತ್ರದಲ್ಲಿ ಸಮ್ಮಿಲನವು ಕಿಡಿಯೇ ಹೊರತು ಬೆಂಕಿಯಲ್ಲ.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಲೆಕ್ಕ ಮಾಡೋಣ, ಎಂಟನೆಯ ತರಗತಿಯ ಗಣಿತ ಸಾಕು. ಕಂಬಳಿಯಲ್ಲಿನ ಸರಪಳಿಯು ಪ್ರತಿ ತಲೆಮಾರಿನಲ್ಲಿ 100 ನ್ಯೂಟ್ರಾನುಗಳನ್ನು 95ಕ್ಕೆ ಇಳಿಸುತ್ತದೆ ಎಂದಿಟ್ಟುಕೊಳ್ಳಿ. ಒಂದು ನ್ಯೂಟ್ರಾನನ್ನು ಹೊರಗಿನಿಂದ ಹಾಕಿದರೆ, ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿ ಒಟ್ಟು 20 ಆಗುತ್ತವೆ. ಇದು ನೀವು ಕಲಿತ ಗುಣೋತ್ತರ ಶ್ರೇಣಿಯೇ. ಆ ಇಪ್ಪತ್ತರಲ್ಲಿ ಹೊರಗಿನಿಂದ ಬಂದದ್ದು ಒಂದು. ಉಳಿದ 19 ವಿದಳನದಲ್ಲಿ ಹುಟ್ಟಿದವು. ಒಂದು ವಿದಳನಕ್ಕೆ ಸರಾಸರಿ ಎರಡೂವರೆ ನ್ಯೂಟ್ರಾನ್ ಎಂದರೆ, ನಡೆದ ವಿದಳನಗಳು ಸುಮಾರು 7.6. ಅದನ್ನು 200ರಿಂದ ಗುಣಿಸಿ: 1520. ಇದರ ಪಕ್ಕದಲ್ಲಿ ಸಮ್ಮಿಲನದ ಪಾಲು 17.6 ಮಾತ್ರ. ನೂರು ರೂಪಾಯಿಯ ವಿದ್ಯುತ್ತಿನಲ್ಲಿ ಸುಮಾರು 99 ರೂಪಾಯಿ ವಿದಳನದ ಗಳಿಕೆ, ಒಂದು ರೂಪಾಯಿಯಷ್ಟೇ ಸಮ್ಮಿಲನದ್ದು. ಸರಪಳಿಯನ್ನು ಇನ್ನಷ್ಟು ದುರ್ಬಲಗೊಳಿಸಿದರೆ ಈ ಪಾಲು ಬದಲಾಗುತ್ತದೆ, ನಿಜ. ಆದರೂ ಶಕ್ತಿಯನ್ನು ಹತ್ತು ಪಟ್ಟು ಹಿಗ್ಗಿಸುವ ಕಂಬಳಿಯಲ್ಲಿಯೂ ಹತ್ತರಲ್ಲಿ ಒಂಬತ್ತು ಪಾಲು ವಿದಳನದ್ದೇ.

ಹಾಗಾದರೆ ನನ್ನ ಪ್ರಶ್ನೆ ಸರಳವಾದುದು. ಶೇಕಡಾ 99 ವಿದಳನವಾಗಿರುವ ಸ್ಥಾವರವನ್ನು ಸಮ್ಮಿಲನದ ಹೆಸರಿನಲ್ಲಿ ಜನರ ಮುಂದಿಡುವುದು ಯಾವ ನ್ಯಾಯ? ಹಾಲಿಗೆ ನೀರು ಬೆರೆಸುವವನು ಕೂಡ ಇಷ್ಟೊಂದು ಬೆರೆಸುವುದಿಲ್ಲ.

'ಹೈಬ್ರಿಡ್' ಎಂಬ ಪದಕ್ಕೆ ನಮ್ಮ ರೈತರಲ್ಲಿ ಒಳ್ಳೆಯ ಹೆಸರಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟರು. ನಾಡಿನ ಹೊಟ್ಟೆ ತುಂಬಿತು. ಆದರೆ ಅಲ್ಲಿ ತಂದೆತಾಯಿಗಳಿಬ್ಬರೂ ಹೊಲದಲ್ಲಿ ತೆನೆ ಬಿಟ್ಟು ತೋರಿಸಿದವರು. ಇಲ್ಲಿ ಒಬ್ಬರು 1954ರಲ್ಲಿ ರಷ್ಯದ ಓಬ್ನಿನ್ಸ್ಕ್‌ನಿಂದ ಮೊದಲ್ಗೊಂಡು ಇಂದಿನವರೆಗೂ ವಿದ್ಯುತ್ ಜಾಲಕ್ಕೆ ದುಡಿದು ಹಾಕುತ್ತಿರುವವರು. ಮತ್ತೊಬ್ಬರು ಈವರೆಗೆ ಒಂದೇ ಒಂದು ಯೂನಿಟ್ಟನ್ನೂ ಜಾಲಕ್ಕೆ ಕೊಟ್ಟವರಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂಬ ಗಾದೆಯುಂಟು. ಇದು ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ, ಹುಟ್ಟದ ಕೂಸಿಗೆ ಮದುವೆ ನಿಶ್ಚಯಿಸಿದಂತೆ.

ಎದುರುಪಕ್ಷದವರ ವಾದವನ್ನು ಅದರ ಪೂರ್ಣ ಬಲದೊಂದಿಗೆ ಹೇಳದೆ ಖಂಡಿಸುವುದು ಧರ್ಮವಲ್ಲ. ಅವರು ಹೇಳುವುದಿಷ್ಟು: ಶುದ್ಧ ಸಮ್ಮಿಲನಕ್ಕೆ ಹಾಕಿದ ಶಕ್ತಿಯ ಹಲವು ಹತ್ತು ಪಟ್ಟು ಮರಳಿ ಬರಬೇಕು, ಸಂಕರಕ್ಕೆ ಅಷ್ಟು ಬೇಡ, ಹಾಕಿದಷ್ಟೇ ಬಂದರೂ ಸಾಕು, ಉಳಿದದ್ದನ್ನು ಕಂಬಳಿ ನೋಡಿಕೊಳ್ಳುತ್ತದೆ. 1000 ಮೆಗಾವಾಟ್ ವಿದ್ಯುತ್ತಿಗೆ ಸುಮಾರು 3000 ಮೆಗಾವಾಟ್ ಶಾಖ ಬೇಕು. ಮೇಲಿನ ಲೆಕ್ಕದಂತೆ ಅದಕ್ಕೆ 34 ಮೆಗಾವಾಟ್ ಸಮ್ಮಿಲನ ಸಾಕು. ಇಂಗ್ಲೆಂಡಿನ ಜೆಟ್ ಎಂಬ ಯಂತ್ರ 1997ರಲ್ಲಿಯೇ 16 ಮೆಗಾವಾಟ್ ಮುಟ್ಟಿತ್ತು. ಅಂದರೆ ಗುರಿಯ ಅರ್ಧದಾರಿಯನ್ನು ಆಗಲೇ ಕ್ರಮಿಸಿದಂತಾಯಿತಲ್ಲ? ಟ್ರಿಟಿಯಂ ಸಹ ಕಡಿಮೆ ಸಾಕು. ಶುದ್ಧ ಸಮ್ಮಿಲನದಲ್ಲಿ 1000 ಮೆಗಾವಾಟ್ ಶಾಖವನ್ನು ವರ್ಷವಿಡೀ ಪಡೆಯಲು ಸುಮಾರು 56 ಕಿಲೋಗ್ರಾಂ ಟ್ರಿಟಿಯಂ ಉರಿಯಬೇಕು. 12.3 ವರ್ಷಗಳ ಅರ್ಧಾಯುವಿನ, ನಿಸರ್ಗದಲ್ಲಿ ಇಲ್ಲವೆನ್ನುವಷ್ಟು ವಿರಳವಾದ ವಸ್ತು ಅದು. ಸಂಕರದಲ್ಲಿ ಎರಡು ಕಿಲೋಗ್ರಾಂಗಳಷ್ಟರಲ್ಲಿ ವರ್ಷದ ಸಂಸಾರ ನಡೆಯುತ್ತದೆ. ಈ ಅಂಶಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಆದರೆ 16 ಮೆಗಾವಾಟಿನ ಆ ವೈಭವ ಕ್ಷಣಮಾತ್ರದ್ದು. ಅದೇ ಜೆಟ್ ತನ್ನ ಕೊನೆಯ ದಿನಗಳಲ್ಲಿ, 2023ರಲ್ಲಿ, 69 ಮೆಗಾಜೂಲ್ ಶಕ್ತಿಯನ್ನು ಹೊಮ್ಮಿಸಿ ದಾಖಲೆ ಬರೆಯಿತು. ಅದು ನಡೆದದ್ದು ಐದಾರು ಸೆಕೆಂಡುಗಳ ಕಾಲ. ಸಮ್ಮಿಲನದ ಶಕ್ತಿಯ ಮಾತು ಬಿಟ್ಟು, ಬರಿಯ ಪ್ಲಾಸ್ಮಾವನ್ನು ಹಿಡಿದಿಡುವುದರಲ್ಲಿ ಫ್ರಾನ್ಸಿನ ವೆಸ್ಟ್ ಯಂತ್ರ 2025ರ ಫೆಬ್ರವರಿಯಲ್ಲಿ 1337 ಸೆಕೆಂಡುಗಳನ್ನು ಸಾಧಿಸಿತು. ಇಪ್ಪತ್ತೆರಡು ನಿಮಿಷ, ನಮ್ಮ ಶಾಲೆಯ ಅರ್ಧ ಪೀರಿಯಡ್. ಅದು ಅದ್ಭುತ ಸಾಧನೆಯೆಂಬುದರಲ್ಲಿ ನನಗೆ ಲವಲೇಶವೂ ಸಂದೇಹವಿಲ್ಲ. ಈಗ ಅದನ್ನು ನಮ್ಮ ಕೈಗಾದ ಪಕ್ಕದಲ್ಲಿಡಿ. ಕೈಗಾದ ಒಂದನೆಯ ಘಟಕವು 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ ಎಡೆಬಿಡದೆ 962 ದಿನ ಓಡಿತು. ಅಂದಿಗೆ ಅದು ಜಗತ್ತಿನ ದಾಖಲೆ. ಹೇಗೆ ಸಾಧ್ಯವಾಯಿತು? ಭಾರಜಲದ ಈ ರಿಯಾಕ್ಟರಿನಲ್ಲಿ ಇಂಧನವನ್ನು ಓಡುತ್ತಿರುವಾಗಲೇ ಬದಲಿಸಬಹುದು. ಯಂತ್ರವೊಂದು ಬಂದು ನಳಿಗೆಯ ಒಂದು ತುದಿಯಿಂದ ಹೊಸ ಕಂತೆಯನ್ನು ತಳ್ಳುತ್ತದೆ, ಇನ್ನೊಂದು ತುದಿಯಿಂದ ಹಳೆಯದು ಹೊರಬೀಳುತ್ತದೆ. ಒಲೆಯನ್ನು ಆರಿಸದೆ ಸೌದೆ ಒಟ್ಟಿದಂತೆ.

ಸಂಕರ ಯಂತ್ರದಲ್ಲಿ ಇಂಧನವು ಎಲ್ಲಿದೆ ನೋಡಿ. ಬಳೆಯಾಕಾರದ ನಿರ್ವಾತ ಪಾತ್ರೆಯ ಗೋಡೆಯ ಹಿಂದೆ, ಹತ್ತು ಕೋಟಿ ಡಿಗ್ರಿಯ ಪ್ಲಾಸ್ಮಾಕ್ಕೂ ಶೂನ್ಯಕ್ಕಿಂತ ಸುಮಾರು 269 ಡಿಗ್ರಿ ಕೆಳಗಿರುವ ಅತಿವಾಹಕ ಕಾಂತಗಳಿಗೂ ನಡುವೆ. ಅದೇ ಕಂಬಳಿಯಲ್ಲಿ ಟ್ರಿಟಿಯಂ ತಯಾರಿಸಲು ಲಿಥಿಯಂ ಇರಬೇಕು, ಶಾಖವನ್ನೊಯ್ಯುವ ದ್ರವವಿರಬೇಕು, ಯುರೇನಿಯಂ ಸರಳುಗಳಿರಬೇಕು. ಪ್ಲಾಸ್ಮಾವು ಹೇಳದೆ ಕೇಳದೆ ಕುಸಿದುಬೀಳುವ ಸ್ವಭಾವದ್ದು. ಪ್ರತಿ ಬಾರಿ ಅದು ಕುಸಿದಾಗಲೂ 3000 ಮೆಗಾವಾಟ್ ಶಾಖವು ಥಟ್ಟನೆ ಇಳಿಯುತ್ತದೆ, ಮತ್ತೆ ಹೊತ್ತಿಸಿದಾಗ ಏರುತ್ತದೆ. ಕಾದ ಕಾವಲಿಯ ಮೇಲೆ ದಿನಕ್ಕೆ ನೂರು ಸಲ ತಣ್ಣೀರು ಸುರಿದರೆ ಕಾವಲಿ ಎಷ್ಟು ದಿನ ಬಾಳೀತು? ಹಾಕಿದಷ್ಟು ಶಕ್ತಿ ಮರಳಿ ಬಂದರೆ ಸಾಕೆಂಬುದು ಭೌತವಿಜ್ಞಾನಿಯ ಮಾತು. ತಿಂಗಳುಗಟ್ಟಲೆ ನಿಲ್ಲದೆ ಓಡಬೇಕೆಂಬುದು ವಿದ್ಯುತ್ ಕೇಂದ್ರದ ಮಾತು. ಸಂಕರವು ಮೊದಲನೆಯ ಕಷ್ಟವನ್ನು ಹಗುರ ಮಾಡುತ್ತದೆ, ಎರಡನೆಯದನ್ನು ಇಮ್ಮಡಿಗೊಳಿಸುತ್ತದೆ. ಅಮೆರಿಕದ ಎಂ.ಐ.ಟಿ.ಯ ಲಾರೆನ್ಸ್ ಲಿಡ್‌ಸ್ಕಿ ಈ ಕ್ಷೇತ್ರದ ಒಳಗಿನವರೇ. ಸಂಕರ ಸ್ಥಾವರಗಳ ಬಗ್ಗೆ 1975ರಲ್ಲಿ ವಿಸ್ತಾರವಾದ ಸಮೀಕ್ಷೆ ಬರೆದವರು, 1983ರಲ್ಲಿ ಸಮ್ಮಿಲನದ ಎಂಜಿನಿಯರಿಂಗ್ ತೊಡಕುಗಳ ಬಗ್ಗೆಯೇ ಬರೆದು ತಮ್ಮವರ ಕೋಪಕ್ಕೆ ಗುರಿಯಾದರು. ಮನೆಯೊಳಗಿನವನು ಸೂರು ಸೋರುತ್ತಿದೆಯೆಂದರೆ ಕೇಳಬೇಕು.

ಇನ್ನು ಸುರಕ್ಷತೆ. ಪ್ರಚಾರಕರ ಅತ್ಯಂತ ದೊಡ್ಡ ಅಸ್ತ್ರವಿದು: ಗುಂಡಿ ಒತ್ತಿದರೆ ಸರಪಳಿ ನಿಲ್ಲುತ್ತದೆ, ಆದುದರಿಂದ ಅಪಾಯವಿಲ್ಲ. 1986ರ ಚರ್ನೋಬಿಲ್ ದುರಂತವು ಹತೋಟಿ ತಪ್ಪಿದ ಸರಪಳಿಯಿಂದಲೇ ಆದದ್ದು. ಅಂತಹುದಕ್ಕೆ ಈ ಯಂತ್ರ ಔಷಧವಾದೀತು, ಒಪ್ಪಿದೆ. ಆದರೆ 2011ರ ಮಾರ್ಚ್ 11ರಂದು ಫುಕುಷಿಮಾದಲ್ಲಿ ಏನಾಯಿತು? ಭೂಮಿ ನಡುಗಿದೊಡನೆ ಓಡುತ್ತಿದ್ದ ಮೂರೂ ರಿಯಾಕ್ಟರುಗಳು ತಾವಾಗಿಯೇ ನಿಂತವು. ಸರಪಳಿ ಕಡಿದಿತ್ತು. ಗುಂಡಿಯು ತನ್ನ ಕೆಲಸವನ್ನು ಮಾಡಿತ್ತು. ಆದರೂ ಮೂರೂ ಕರಗಿದವು. ಸೀಳಿದ ಬೀಜಗಳ ಚೂರುಗಳು ವಿಕಿರಣ ಸೂಸುತ್ತ ಶಾಖವನ್ನು ಹೊಮ್ಮಿಸುತ್ತಲೇ ಇರುತ್ತವೆ. ನಿಂತ ಕ್ಷಣದಲ್ಲಿ ಅದು ಪೂರ್ಣಶಕ್ತಿಯ ಶೇಕಡಾ ಆರೇಳರಷ್ಟು. ನಮ್ಮ 3000 ಮೆಗಾವಾಟಿನ ಲೆಕ್ಕದಲ್ಲಿ ಅದು ಸುಮಾರು 200 ಮೆಗಾವಾಟ್. ಸುನಾಮಿಯ ಅಲೆ ತಂಪುಗೊಳಿಸುವ ಪಂಪುಗಳಿಗೆ ವಿದ್ಯುತ್ತಿಲ್ಲದಂತೆ ಮಾಡಿತು, ಆ ಶಾಖಕ್ಕೆ ಹೋಗಲು ದಾರಿಯಿರಲಿಲ್ಲ. 1979ರ ಥ್ರೀ ಮೈಲ್ ಐಲೆಂಡ್‌ನ ಕಥೆಯೂ ಇದೇ ಜಾತಿಯದು. ಈ ಶಾಖಕ್ಕೆ ಸರಪಳಿಯನ್ನು ಪ್ಲಾಸ್ಮಾ ನಡೆಸಿತೋ ತಾನೇ ನಡೆಯಿತೋ ಎಂಬ ಪರಿವೆ ಇಲ್ಲ. 99 ಪಾಲು ವಿದಳನ ನಡೆದಲ್ಲಿ 99 ಪಾಲು ಚೂರುಗಳಿರುತ್ತವೆ, ತ್ಯಾಜ್ಯವೂ ಅಷ್ಟೇ ಇರುತ್ತದೆ. ಜೊತೆಗೆ, ಯುರೇನಿಯಂ ಕಂಬಳಿಯಲ್ಲಿ ಪ್ಲುಟೋನಿಯಂ ಹುಟ್ಟುತ್ತದೆ. ಅದರಿಂದ ಬಾಂಬನ್ನೂ ಮಾಡಬಹುದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮವರಿಗೆ ಇದರಲ್ಲಿ ಇನ್ನೊಂದು ಆಸೆ. ಕೇರಳದ ಮರಳಿನಲ್ಲಿ ಥೋರಿಯಂ ಹೇರಳವಾಗಿದೆ. ಭಾಭಾ ಹಾಕಿಕೊಟ್ಟ ಮೂರು ಹಂತಗಳ ಯೋಜನೆಯಲ್ಲಿ ಅದರ ಸರದಿ ಕೊನೆಯದು. ಮಧ್ಯದ ಹಂತವಾದ ವೇಗದ ಬ್ರೀಡರ್ ರಿಯಾಕ್ಟರುಗಳನ್ನು ಹಾರಿ, ಸಮ್ಮಿಲನದ ನ್ಯೂಟ್ರಾನಿನಿಂದ ನೇರವಾಗಿ ಥೋರಿಯಂಗೆ ಹೋದರೆ ಹೇಗೆ? ಕೇಳಲು ಸೊಗಸು. ಕಲ್ಪಾಕ್ಕಂನಲ್ಲಿ 500 ಮೆಗಾವಾಟಿನ ಬ್ರೀಡರ್ ನಿರ್ಮಾಣ 2004ರಲ್ಲಿ ಆರಂಭವಾಯಿತು. 2010ರ ಹೊತ್ತಿಗೆ ಸಿದ್ಧವಾಗಬೇಕೆಂದಿತ್ತು. ಇಂಧನ ತುಂಬುವ ಕಾರ್ಯಕ್ಕೆ ಚಾಲನೆ ದೊರೆತದ್ದು 2024ರ ಮಾರ್ಚ್‌ನಲ್ಲಿ. 1985ರಿಂದ ಪಕ್ಕದಲ್ಲಿಯೇ ಸಣ್ಣ ಬ್ರೀಡರನ್ನು ಓಡಿಸಿ ಅನುಭವ ಪಡೆದವರಿಗೆ ಇಷ್ಟು ಕಾಲ ಹಿಡಿಯಿತು. ನಡೆಯುವುದು ತಡವಾಯಿತೆಂದು ಹಾರಲು ಹೊರಡುವವನಿಗೆ ಏನು ಹೇಳೋಣ? ನ್ಯೂಟ್ರಾನಿನ ಕೊರತೆ ನಮ್ಮನ್ನು ತಡೆದದ್ದಲ್ಲ. ಕಟ್ಟುವ ಕೆಲಸದ ಕಷ್ಟವೇ ತಡೆದದ್ದು.

ನಾನು ಸಮ್ಮಿಲನದ ಸಂಶೋಧನೆಗೆ ವಿರೋಧಿಯೆಂದು ಯಾರೂ ತಿಳಿಯಬಾರದು. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯವರು 1989ರಲ್ಲಿಯೇ 'ಆದಿತ್ಯ'ವನ್ನು ಹೊತ್ತಿಸಿದವರು. ಫ್ರಾನ್ಸಿನಲ್ಲಿ ಏಳುತ್ತಿರುವ ಅಂತಾರಾಷ್ಟ್ರೀಯ ಸ್ಥಾವರ 'ಇಟರ್'ನ ಬೃಹತ್ ಶೀತಲ ಕವಚವನ್ನು ಗುಜರಾತಿನ ಹಜೀರಾದಲ್ಲಿ ತಯಾರಿಸಿ ಹಡಗಿನಲ್ಲಿ ಕಳುಹಿಸಿದವರು ನಾವು. ಅಲ್ಲಿ ಡ್ಯೂಟೀರಿಯಂ–ಟ್ರಿಟಿಯಂ ಉರಿಯುವುದು 2039ಕ್ಕೆಂದು 2024ರ ಪರಿಷ್ಕೃತ ವೇಳಾಪಟ್ಟಿ ಹೇಳುತ್ತದೆ. ಕಾಯೋಣ. ದೀರ್ಘಾಯುವಿನ ತ್ಯಾಜ್ಯವನ್ನು ಸುಟ್ಟು ತಗ್ಗಿಸಲು ಇಂತಹ ನ್ಯೂಟ್ರಾನ್ ಮೂಲ ಬೇಕೆಂದು ಯಾರಾದರೂ ಹೇಳಿದರೆ ಅದನ್ನೂ ಕುಳಿತು ಕೇಳೋಣ. ವಿದ್ಯುತ್ತಿಗಾಗಿ ಎಂದು ಹೇಳಿದಾಗಲೇ ನನ್ನ ತಕರಾರು.

ತಕರಾರಿನ ಮೂಲ ಯಾವುದೆಂದು ಹೇಳುತ್ತೇನೆ. ನಾನು ಕೆಲಸ ಮಾಡಿದ ಊರು ಕಾಳಿ ನದಿಯ ಕಣಿವೆಗೆ ದೂರವಲ್ಲ. ಕೈಗಾ ಬೇಕು, ಬೇಡ ಎಂಬ ವಾಗ್ವಾದ ಜಿಲ್ಲೆಯನ್ನೇ ಎರಡು ಮಾಡಿದ ದಿನಗಳವು. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರಲ್ಲಿ, ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಲೋಕಸಭೆಯ ಚುನಾವಣೆಗೆ ನಿಂತರು. 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಭಾಗ ಕಳಚಿ ಬಿದ್ದಾಗ ಹೆದರಿಕೆಗೆ ರೆಕ್ಕೆ ಬಂದಿತು. ಆ ಕಾಲದಲ್ಲಿ ಒಂದು ಸಂಜೆ, ಅಡಿಕೆ ಸುಲಿಯುತ್ತಿದ್ದ ಒಬ್ಬ ಪಾಲಕರು ನನ್ನನ್ನು ತಡೆದು ನಿಲ್ಲಿಸಿ ಕೇಳಿದರು: "ಮಾಸ್ತರೇ, ಇದು ಬಾಂಬಿನ ಬೆಂಕಿಯೋ, ಸೂರ್ಯನ ಬೆಂಕಿಯೋ?" ಬಾಂಬಿನಲ್ಲಿ ನಡೆಯುವ ಕ್ರಿಯೆಯೇ, ಆದರೆ ಕಡಿವಾಣ ಹಾಕಿ ನಡೆಸುವಂಥದು, ಬಾಂಬಿನಂತೆ ಸಿಡಿಯದು, ಆದರೆ ತ್ಯಾಜ್ಯವೂ ಶಾಖವೂ ಉಂಟು ಎಂದು ನಾನು ಉತ್ತರಿಸಿದೆ. ಅವರು ತುಸು ಹೊತ್ತು ಯೋಚಿಸಿ, "ಇಷ್ಟು ಮೊದಲೇ ಹೇಳಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ" ಎಂದರು. ಅವರು ಕೊನೆಯವರೆಗೂ ಸ್ಥಾವರವನ್ನು ಒಪ್ಪಲಿಲ್ಲ. ಆದರೆ ಯಾವುದನ್ನು ಒಪ್ಪುತ್ತಿಲ್ಲವೆಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು.

2047ರ ಹೊತ್ತಿಗೆ 100 ಗಿಗಾವಾಟ್ ಪರಮಾಣು ವಿದ್ಯುತ್ ಎಂದು 2025ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಣೆಯಾಗಿದೆ. ಅಂದರೆ ಇನ್ನೂ ಹಲವಾರು ಕಣಿವೆಗಳಲ್ಲಿ, ಕರಾವಳಿಗಳಲ್ಲಿ ಇದೇ ಪ್ರಶ್ನೆಯನ್ನು ಯಾರಾದರೂ ಅಡಿಕೆ ಸುಲಿಯುತ್ತಲೋ ಬಲೆ ಹೆಣೆಯುತ್ತಲೋ ಕೇಳಲಿದ್ದಾರೆ. ಆಗ ಸಂಕರ ಸ್ಥಾವರದ ಬಣ್ಣದ ಕರಪತ್ರವು ಸೂರ್ಯನ ಚಿತ್ರವನ್ನು ತೋರಿಸಿದರೆ, ಅದು ನೂರರಲ್ಲಿ ಒಂದು ಪಾಲು ನಿಜ. ವಿದಳನ ಬೇಕೆನ್ನುವವರು ವಿದಳನವೆಂದೇ ಹೇಳಿ ಒಪ್ಪಿಗೆ ಕೇಳಲಿ. ಕೈಗಾದ 962 ದಿನಗಳು ಅವರ ಕೈಯಲ್ಲಿವೆ, ನಾಚಿಕೆಪಡುವ ಕಾರಣವಿಲ್ಲ.

ಪುಣೆಯ ಶಿಷ್ಯನಿಗೆ ಇಷ್ಟನ್ನೂ ಬರೆದು ಕಳುಹಿಸಿದ್ದೇನೆ. ದೀಪಾವಳಿಗೆ ಊರಿಗೆ ಬಂದಾಗ ವಾದಿಸುತ್ತೇನೆಂದು ಮಾರುತ್ತರ ಕೊಟ್ಟಿದ್ದಾನೆ. ಬರಲಿ. ಬರುವಾಗ ನಿಂತ ಸ್ಥಾವರದ ಶಾಖವು ಒಂದು ಗಂಟೆ, ಒಂದು ದಿನ, ಒಂದು ತಿಂಗಳ ಅನಂತರ ಎಷ್ಟಿರುತ್ತದೆಂಬ ಲೆಕ್ಕವನ್ನು ಮಾಡಿ ತರಬೇಕೆಂದು ಹೇಳಿದ್ದೇನೆ. 1984ನೇ ತಂಡದ ಉಳಿದವರಲ್ಲಿ ಯಾರ ಬಳಿಯಾದರೂ ಆ ವರ್ಷದ ಭೌತಶಾಸ್ತ್ರದ ಟಿಪ್ಪಣಿ ಪುಸ್ತಕ ಉಳಿದಿದ್ದರೆ, ಬೈಜಿಕ ಶಕ್ತಿಯ ಪಾಠದ ಕೊನೆಯಲ್ಲಿ ನಾನು ಬರೆಸಿದ "ಇನ್ನು ಇಪ್ಪತ್ತು ವರ್ಷಗಳಲ್ಲಿ" ಎಂಬ ಸಾಲನ್ನು ದಯವಿಟ್ಟು ಹೊಡೆದುಹಾಕಿ.